ಕಣ್ಣುಗಾಜಿನ ಮೇಲಿನ ಗೆರೆ

ಗುಡ್ಡ ಹತ್ತಿ ಬಂದವರು ಸತ್ತೆವ್ವನಿಂದ ಬೈಸಿಕೊಳ್ಳದೆ ಇಳಿದು ಹೋದದ್ದು ಕಡಿಮೆ. ಗೋಕಾಕ ಫಾಲ್ಸ್ ದಾಟಿ ಹುಕ್ಕೇರಿಯ ಕಡೆ ಹೊರಟರೆ ಎಡಗಡೆ ಒಂದು ಬೋಳು ಕಲ್ಲುಗುಡ್ಡ ಸಿಗುತ್ತದೆ. ಅದರ ನೆತ್ತಿಯ ಮೇಲೆ, ದೊಡ್ಡ ಡಬರಿ ಪಾತ್ರೆಯನ್ನು ಬೋರಲು ಹಾಕಿದಂತೆ, ತಗಡಿನ ಒಂದು ಗುಮ್ಮಟ. ವಿಶ್ವವಿದ್ಯಾಲಯದವರು ಅದನ್ನು ಖಗೋಳ ವೀಕ್ಷಣಾಲಯ ಎನ್ನುತ್ತಾರೆ. ಗುಡ್ಡದ ಕೆಳಗಿನ ಹಟ್ಟಿಯ ಕುರುಬರು ದುರ್ಬೀನ್ ಮನಿ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಬಾಗಿಲ ಕೀಲಿಕೈ ಇರುವುದು ಸತ್ತೆವ್ವನ ಸೊಂಟದಲ್ಲಿ. ಕಸ ಹೊಡೆಯುವುದು, ಬಾಗಿಲು ತೆಗೆಯುವುದು, ಕಾವಲು ಕಾಯುವುದು ಆಕೆಯ ಕೆಲಸ. ಕಾವಲು ಎಂದರೆ ಕಳ್ಳರನ್ನು ತಡೆಯುವುದು ಎಂದು ಜಗತ್ತು ತಿಳಿದಿದೆ. ಸತ್ತೆವ್ವ ಎಲ್ಲರನ್ನೂ ತಡೆದಳು.

ಒಮ್ಮೆ ಮೂಡಲಗಿಯ ಸಾಲೆಯ ಮಾಸ್ತರೊಬ್ಬರು ಹುಡುಗಿಯರ ದಂಡನ್ನು ಕಟ್ಟಿಕೊಂಡು, ಬೆವರು ಸುರಿಸುತ್ತ, ಅಮಾವಾಸ್ಯೆಯ ಸಂಜೆ ಮೇಲೆ ಬಂದರು. ಸತ್ತೆವ್ವ ಬಾಗಿಲಿಗೆ ಅಡ್ಡ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಬಾಜೂಕ್ಕೆ ಆಕೆಯ ನಾಯಿ ಕರಿಯಾ ಹಲ್ಲು ತೋರಿಸುತ್ತ ಕೂತಿತ್ತು.

"ಬಂದ್ ಐತಿ" ಎಂದಳು.

"ಅಮಾಸಿಗಿ ತೆರೀತೈತಿ ಅಂತ ಫಲಕದಾಗ ಬರದೈತಲ್ರಿ?"

"ಬರದಾವ್ರನ್ನ ಹೋಗಿ ಕೇಳ್ರಿ. ನಾ ಕೀಲಿ ಹಾಕಿದಾಕಿ, ಬರದಾಕಿ ಅಲ್ಲ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ತರು ಇನ್ನೇನೋ ಹೇಳಲು ಬಾಯಿ ತೆರೆದರು. ಕರಿಯಾ ಎದ್ದು ನಿಂತಿತು. ದಂಡು ಬಂದ ದಾರಿಯಲ್ಲೇ ಇಳಿದು ಹೋಯಿತು.

ಹೆಂಗಸು ಹುಟ್ಟುತ್ತಲೇ ಹೀಗಿರಲಿಲ್ಲ. ಸತ್ತೆವ್ವನ ತವರು ತುಕ್ಕಾನಟ್ಟಿ. ಅಲ್ಲಿಂದ ಈ ಹಟ್ಟಿಗೆ ಸೊಸೆಯಾಗಿ ಬಂದಾಗ ಕತ್ತು ಎತ್ತಿ ಮಾತಾಡದ ಹುಡುಗಿ ಎಂದು ಹೇಳುವವರು ಈಗಲೂ ಇದ್ದಾರೆ. ಆ ಕತ್ತು ಎದ್ದದ್ದು ಹೇಗೆ, ನಾಲಿಗೆ ಮಸೆದದ್ದು ಯಾವ ಕಲ್ಲಿನ ಮೇಲೆ ಎಂಬುದು ದುರ್ಬೀನಿನ ಕತೆಯೇ. ಅದನ್ನು ಬಿಟ್ಟು ಸತ್ತೆವ್ವನ ಬಗ್ಗೆ ಹೇಳಲು ಬರುವುದಿಲ್ಲ.

ದುರ್ಬೀನು ಮೊದಲು ಫಾಲ್ಸ್ ಹತ್ತಿರ ಇದ್ದ ಒಬ್ಬ ಬಿಳಿ ಇಂಜಿನಿಯರನದು. ಸಂಜೆ ಬಂಗಲೆಯ ಮಾಳಿಗೆಯ ಮೇಲೆ ಕೂತು ಚುಕ್ಕಿ ನೋಡುವುದು ಆತನ ಚಟ. ನೀರು ಬೀಳುವ ಕಡೆಯ ತುಂತುರು ಬಂದು ಗಾಜಿಗೆ ಮುತ್ತುತ್ತಿತ್ತಂತೆ, ಆತ ಒರೆಸಿ ಒರೆಸಿ ಬೇಸತ್ತನಂತೆ. ತನ್ನ ದೇಶಕ್ಕೆ ಹೋಗುವಾಗ ಗೋಕಾಕದ ಒಂದು ಕಾಲೇಜಿಗೆ ಕೊಟ್ಟು ಹೋದ. ಕಾಲೇಜಿನವರು ಎತ್ತರದ, ಒಣ ಜಾಗ ಹುಡುಕಿದರು. ಸಿಕ್ಕದ್ದು ಕುರುಬರ ಗುಡ್ಡ. ನೆತ್ತಿಯ ಮೇಲೆ ಅವರ ಕುರಿ ತರುಬುವ ಜಾಗವಿತ್ತು. ಬಂಡಿ ಹತ್ತದ ಗುಡ್ಡ ಅದು. ತಗಡು, ತೊಲೆ, ಕಲ್ಲು ಎಲ್ಲವನ್ನೂ ಹಟ್ಟಿಯ ಗಂಡಸರು ಹೆಗಲ ಮೇಲೆ ಹೊತ್ತು ಏರಿಸಿದರು. ಬದಲಿಗೆ ಅವರು ಕೇಳಿದ್ದು ಒಂದೇ ಮಾತು. ಪ್ರತಿ ಅಮಾವಾಸ್ಯೆಯ ಸಂಜೆ ದುರ್ಬೀನ್ ಮನಿ ಎಲ್ಲ ಮಂದಿಗೂ ತೆರೆಯಬೇಕು, ಮೊದಲ ಕಣ್ಣು ಗುಡ್ಡದವರದು ಇರಬೇಕು. ಕಾಲೇಜಿನ ಹಿರಿಯರು ಬೀರಪ್ಪನ ಭಂಡಾರ ಮುಟ್ಟಿ ಹೂಂ ಅಂದರು. ಭಂಡಾರ ಎಂದರೆ ಅರಿಸಿನದ ಪುಡಿ, ಕುರುಬರ ದೇವರ ಪ್ರಸಾದ. ಅದನ್ನು ಕೈಯಲ್ಲಿ ಹಿಡಿದು ಸುಳ್ಳು ಹೇಳುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ ಎಂದು ಅವರ ನಂಬಿಕೆ.

ಮಾತು ಬಹಳ ಕಾಲ ನಡೆಯಿತು. ಕಾಲೇಜು ಹೋಗಿ ವಿಶ್ವವಿದ್ಯಾಲಯದ ಕೈಗೆ ಬಂದರೂ ನಡೆಯಿತು. ಅಮಾವಾಸ್ಯೆ ಬಂತೆಂದರೆ ಹುಕ್ಕೇರಿ, ಹಿಡಕಲ್, ಮೂಡಲಗಿ ಕಡೆಯಿಂದ ಮಂದಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಸತ್ತೆವ್ವನ ಮಾವ ಭೀಮಶಿ ಆಗ ಕಾವಲುಗಾರ. ಮೊದಲ ಕಣ್ಣು ಆತನದೇ. ಆತ ದುರ್ಬೀನಿಗೆ ಕಣ್ಣು ಕೊಟ್ಟು ನೋಡಿ, ಬಾಗಿಲಿಗೆ ಬಂದು, ಸಾಲಿನಲ್ಲಿ ನಿಂತವರಿಗೆ ಕೂಗಿ ಹೇಳುತ್ತಿದ್ದ: "ಶನಿದೇವ್ರು ಇವತ್ತ ಬಳಿ ಹಾಕ್ಕೊಂಡು ಕುಂತಾನ. ಒಬ್ಬೊಬ್ರ ಬರ್ರಿ!" ಆತ ಹೇಳದೆ ಸಾಲು ಮುಂದೆ ಸರಿಯುತ್ತಿರಲಿಲ್ಲ. ಮೋಡ ಇದ್ದರೆ, "ದೇವ್ರು ಮುಸುಕು ಹಾಕ್ಯಾನ, ಬುತ್ತಿ ಬಿಚ್ರಿ" ಅನ್ನುತ್ತಿದ್ದ. ಮಂದಿ ಅಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದರು.

ಸೊಸೆ ಬಂದ ವರ್ಷವೇ ಭೀಮಶಿಯ ಕಣ್ಣಿಗೆ ಪೊರೆ ಬಂತು. "ನನ್ನ ಕಣ್ಣ ಮಂಜಾದ್ವು, ತಂಗಿ. ದೀಪಾವಳಿ ಅಮಾಸಿಗಿ ಮೊದಲ ಕಣ್ಣು ನಿಂದು" ಎಂದು ಆಕೆಗೆ ಹೇಳಿದ್ದ. ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡ. ಮಗ ಬೀರಸಿದ್ದಪ್ಪ ವರ್ಷದ ಮುಕ್ಕಾಲು ಪಾಲು ಕುರಿಯ ಹಿಂದೆ ಊರೂರು ಅಲೆಯುವವನು, ಅವನಿಗೆ ಈ ಕೆಲಸ ಆಗಿಬರುವಂತಿರಲಿಲ್ಲ. ಕೀಲಿಕೈ ಸೊಸೆಯ ಸೊಂಟಕ್ಕೆ ಬಂತು. ಆಕೆ ದೀಪಾವಳಿಯನ್ನು ಎದುರು ನೋಡುತ್ತ ಕೂತಳು. ದೀಪಾವಳಿಗೆ ಮೊದಲು ಖಂಡೆಪೂಜೆ ಬಂತು.

ಖಂಡೆಪೂಜೆಯ ದಿನ ಈ ಕಡೆ ಕೈಗೆ ಅನ್ನ ಕೊಡುವ ಎಲ್ಲ ಹತಾರಗಳಿಗೂ ಪೂಜೆ. ಕುಡುಗೋಲು, ಕೊಡಲಿ, ಉಣ್ಣೆ ಕತ್ತರಿಸುವ ಕತ್ತರಿ, ಮೋಟರ್ ಸೈಕಲ್ಲು, ಯಾವುದನ್ನೂ ಬಿಡುವುದಿಲ್ಲ. ಸತ್ತೆವ್ವ ಗುಮ್ಮಟದ ನೆಲ ಸಾರಿಸಿದಳು. ದುರ್ಬೀನಿನ ಹಿತ್ತಾಳೆಯನ್ನು ಹುಣಸೆ ಹಚ್ಚಿ ತಿಕ್ಕಿದಳು. ದುರ್ಬೀನಿಗೆ ಕಣ್ಣು ಹಚ್ಚಿ ನೋಡುವ ಕಡೆ ಒಂದು ಸಣ್ಣ ಗಾಜು ಸಿಕ್ಕಿಸುತ್ತಾರೆ, ಅದಿಲ್ಲದಿದ್ದರೆ ಇಡೀ ಯಂತ್ರ ಕುರುಡು. ಆ ಕಣ್ಣುಗಾಜನ್ನು ಪೆಟ್ಟಿಗೆಯಿಂದ ತೆಗೆದು ಮಾವನ ಕಂಬಳಿಯ ಮೇಲೆ ಇಟ್ಟು, ದೀಪ ಹಚ್ಚಿ, ಎಣ್ಣೆಯಲ್ಲಿ ಭಂಡಾರ ಕಲಸಿ, ಹೆಬ್ಬೆರಳಿನಿಂದ ಅದರ ಎರಡೂ ಮಗ್ಗಲಿಗೆ ಗಟ್ಟಿಯಾಗಿ ಹಚ್ಚಿದಳು. ತಪ್ಪೇನು? ದೇವರ ಹಣೆಗೆ ಹಚ್ಚುತ್ತಾರೆ, ಕುರಿಯ ಹಣೆಗೆ ಹಚ್ಚುತ್ತಾರೆ. ಇಷ್ಟು ದೊಡ್ಡ ಯಂತ್ರದ ಕಣ್ಣಿಗೆ ಹಚ್ಚದೆ ಬಿಟ್ಟರೆ ಅದು ಮುನಿಯದೇ ಎಂಬುದು ಆಕೆಯ ಯೋಚನೆ.

ಅಷ್ಟರಲ್ಲಿ ಗುರುಪಾದ ಮಾಸ್ತರು ಬಂದರು. ಹುಕ್ಕೇರಿಯ ವ್ಯಾಪಾರಸ್ಥ ಲಿಂಗಾಯತರ ಮನೆಯ ಮಗ, ಆಗಿನ್ನೂ ಹೊಸದಾಗಿ ದುರ್ಬೀನಿನ ಉಸ್ತುವಾರಿಗೆ ಬಂದಿದ್ದ ತರುಣ. ಹಣೆಗೆ ಮೂರು ಬೆರಳು ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ಹಳದಿ ಮೆತ್ತಿದ ಗಾಜು ಕಂಡದ್ದೇ ಮೈಮೇಲೆ ಬಂದವರಂತೆ ಕೂಗಾಡಿದರು.

"ಕುರಿ ಕಾಯೂ ಕೈಯಾಗ ದುರ್ಬೀನ್ ಕೊಟ್ರ ಇದ ಆಗೂದು! ಇದೇನು ಕಲ್ಲದೇವ್ರಾ ಭಂಡಾರ ಬಡಿಯಾಕ?"

ಗಾಜನ್ನು ಕಸಿದುಕೊಂಡರು. ಒರೆಸಲು ಕೈಗೆ ಸಿಕ್ಕದ್ದು ಅದರ ಕೆಳಗಿದ್ದ ಕಂಬಳಿಯ ಅಂಚು. ಗುಡ್ಡದ ಮರಳು ಕುಡಿದ ಹಳೇ ಕಂಬಳಿ ಅದು. ಹಲ್ಲು ಕಚ್ಚಿ, ರಟ್ಟೆಯ ಬಲ ಹಾಕಿ ತಿಕ್ಕಿದರು. ಕರ್ರ್ ಎಂದು ಒಂದು ಸದ್ದು ಬಂತು. ಮಾಸ್ತರರ ಕೈ ನಿಂತಿತು. ಗಾಜನ್ನು ಬೆಳಕಿಗೆ ಹಿಡಿದರು. ನಡುವೆ, ಈ ತುದಿಯಿಂದ ಆ ತುದಿಗೆ, ಕೂದಲೆಳೆಯಂಥ ಗೆರೆ. ಮಾಸ್ತರು ನೋಡಿದರು, ಸತ್ತೆವ್ವನೂ ನೋಡಿದಳು. ಅದೇ ಹೊತ್ತಿಗೆ ವಿಶ್ವವಿದ್ಯಾಲಯದ ಜವಾನ ಸಾತಪ್ಪ, ಪೂಜೆಯ ಪ್ರಸಾದಕ್ಕೆ ಬಂದ ನಾಲ್ಕಾರು ವಿದ್ಯಾರ್ಥಿಗಳು ಬಾಗಿಲಲ್ಲಿ ಕಾಣಿಸಿಕೊಂಡರು. ಮೊದಲು ಬಾಯಿ ಬಿಟ್ಟವರು ಮಾಸ್ತರು.

"ನೋಡ್ರಿ, ಈಕಿ ಗಾಜ ಕೆಡಿಸಿದ್ಲು."

ಸತ್ತೆವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಸುಮ್ಮನೆ ನಿಂತಳು. ಹೊಸ ಸೊಸೆ, ಮಾವ ಸತ್ತ ಮನೆ, ಎದುರಿಗೆ ಓದಿದ ಗಂಡಸರು. ಆ ದಿನ ಹೊರಗೆ ಬರದ ಮಾತು ಆಮೇಲೆ ಹೊಟ್ಟೆಯಲ್ಲೇ ಹುಳಿಯಿತು. ಮುಂದೆ ಆಕೆ ಬೈಗುಳವಾಗಿ ಊರಿಗೆಲ್ಲ ಉಗುಳಿದ್ದು ಆ ಹುಳಿಯನ್ನೇ.

ಮೊದಲ ಕಣ್ಣಿನ ಪದ್ಧತಿ ಅಂದೇ ನಿಂತಿತು. "ಯಂತ್ರ ಕೆಡಿಸಿದವ್ರ ಕಣ್ಣು ಮೊದ್ಲೂ ಬ್ಯಾಡ, ಕಡೀಕೂ ಬ್ಯಾಡ" ಎಂದರು ಮಾಸ್ತರು. ಸತ್ತೆವ್ವ ಹೊಸ್ತಿಲು ದಾಟಿ ಕಸ ಹೊಡೆಯಬಹುದು, ಯಂತ್ರದ ಹತ್ತಿರ ಸುಳಿಯುವಂತಿಲ್ಲ. ಕಣ್ಣುಗಾಜನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಚೀಲದಲ್ಲಿಟ್ಟು, ದಿನಾ ಗೋಕಾಕದ ತಮ್ಮ ಮನೆಗೆ ಒಯ್ಯತೊಡಗಿದರು. ಬಾಗಿಲು ಆಕೆಯ ಕೈಯಲ್ಲಿ, ಕಣ್ಣು ಅವರ ಕೈಯಲ್ಲಿ. ಹೊಸ ಗಾಜು ತರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ತರಿಸಲಿಲ್ಲ. ಹೊಸದು ಬಂದರೆ ಗೆರೆ ಹೋಗುತ್ತದೆ, ಗೆರೆ ಹೋದರೆ ಬೈಯಲು ಏನು ಉಳಿಯುತ್ತದೆ? ದುರ್ಬೀನಿಗೆ ಕಣ್ಣು ಹಚ್ಚಿದ ಪ್ರತಿಯೊಬ್ಬರಿಗೂ ಶನಿಯ ಮೇಲೆ, ಚುಕ್ಕಿಗಳ ಮೇಲೆ ಆ ಗೆರೆ ಕಾಣುತ್ತಿತ್ತು. ಪ್ರತಿಯೊಬ್ಬರೂ ಕೇಳುತ್ತಿದ್ದರು. ಮಾಸ್ತರು ಬಾಗಿಲ ಕಡೆ ಗದ್ದ ಚಾಚಿ, "ಅದು ನಮ್ಮ ಕಸ ಹೊಡಿಯಾಕಿ ಪ್ರಸಾದ" ಅನ್ನುತ್ತಿದ್ದರು. ಮಂದಿ ನಗುತ್ತಿದ್ದರು. ಸತ್ತೆವ್ವ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು.

ಆ ನಗೆ ಗುಡ್ಡ ಇಳಿದು ಊರೂರು ಸುತ್ತಿತು. ಮಗಳು ಭಾಗ್ಯಾಳ ಮದುವೆಯ ಹಂದರದಲ್ಲಿ ಬೀಗರ ಕಡೆಯ ಹೆಂಗಸೊಬ್ಬಳು, "ದುರ್ಬೀನ್ ಕೆಡಿಸಿದಾಕಿ ಮಗಳು ಅಂದ್ರ ಈಕಿನ ಏನ್ರಿ?" ಎಂದು ಕೇಳಿದಳು. ಭಾಗ್ಯಾ ಅಕ್ಕಿಕಾಳು ಬೀಳುವಾಗಲೂ ಮುಖ ಎತ್ತಲಿಲ್ಲ. ಸತ್ತೆವ್ವನಿಗೆ ಮಾಸ್ತರರನ್ನು ಹಿಡಿದು ಘಟಪ್ರಭೆಗೆ ನೂಕಬೇಕೆನಿಸಿತು. ನೂಕಲು ಆಗದವರು ಏನು ಮಾಡುತ್ತಾರೋ ಅದನ್ನು ಮಾಡಿದಳು. ಅವರ ಮಂದಿಯನ್ನು ತಡೆದಳು.

ದಾರಿಗೆ ಮುಳ್ಳುಕಂಟಿ ಎಳೆದಳು. ಮೇಲೆ ಹಾವು ಬಂದಿದೆ ಎಂದಳು. ದುರ್ಬೀನು ಮುರಿದಿದೆ, ಮಾಸ್ತರು ಸತ್ತಿದ್ದಾರೆ ಎಂದೂ ಒಮ್ಮೆ ಹಿಡಕಲ್ಲಿನವರಿಗೆ ಹೇಳಿದ್ದುಂಟು. ಮಾಸ್ತರೇನು ಕಡಿಮೆಯೇ? ತಪ್ಪಿಸಿಕೊಂಡು ಮೇಲೆ ಬಂದವರಿಗೆ ಅವರ ಪಾಠ ಕಾದಿರುತ್ತಿತ್ತು. ಕೈ ಬೆನ್ನ ಹಿಂದೆ ಕಟ್ಟಿರಿ, ಕೆಮ್ಮಬೇಡಿ, ಮೂರ್ಖ ಪ್ರಶ್ನೆ ಕೇಳಬೇಡಿ. ಒಮ್ಮೆ ಬಂದವರು ಮತ್ತೊಮ್ಮೆ ಬರಲಿಲ್ಲ. ಹೀಗೆ, ಎಲ್ಲ ಮಂದಿಗೂ ಎಂದು ಹೆಗಲ ಮೇಲೆ ಹೊತ್ತು ಕಟ್ಟಿದ ಮನೆಗೆ ಇಬ್ಬರು ಹಟಮಾರಿಗಳು ಸೇರಿ ಮಂದಿಯೇ ಇಲ್ಲದಂತೆ ಮಾಡಿದರು. ಯಾರ ಪಾಲು ಹೆಚ್ಚು ಎಂದು ಜಗಳ ಹಚ್ಚಿದರೆ ಇಬ್ಬರೂ ಸೋಲುವುದಿಲ್ಲ.

ಅವರಿಬ್ಬರ ನಡುವೆ ಮಾತು ಅಂದೇ ಬಿಟ್ಟಿತ್ತು. ಕೆಲಸದ ಮಾತು ಬಂದರೆ ಮಾಸ್ತರು ಬಾಗಿಲಿಗೆ ಹೇಳುತ್ತಿದ್ದರು, ಸತ್ತೆವ್ವ ನಾಯಿಗೆ ಉತ್ತರ ಕೊಡುತ್ತಿದ್ದಳು. ನಾಯಿಗಳು ಸತ್ತು ಹೊಸ ನಾಯಿಗಳು ಬಂದವು, ಎಲ್ಲಕ್ಕೂ ಕರಿಯಾ ಎಂದೇ ಹೆಸರು. ಬಾಗಿಲು ಮಾತ್ರ ಹಳೆಯದೇ.

ಮಾಸ್ತರರ ನೌಕರಿ ಮುಗಿಯಿತು. ಪಗಾರ ನಿಂತರೂ ಕಣ್ಣುಗಾಜಿನ ಚೀಲ ಬಿಡಲಿಲ್ಲ. ಬೇರೆ ಯಾರೂ ಆ ಗುಡ್ಡಕ್ಕೆ ಬರಲು ಒಪ್ಪದ್ದರಿಂದ ವಿಶ್ವವಿದ್ಯಾಲಯ ಅವರನ್ನೇ ಇಟ್ಟುಕೊಂಡಿತು. ಕೂದಲು ಬೆಳ್ಳಗಾಗಿ, ಮೊಣಕಾಲು ಹಿಡಿದು, ಕೋಲು ಊರಿಕೊಂಡು ಹತ್ತುತ್ತಿದ್ದರು. ಮೊನ್ನೆಯ ದೀಪಾವಳಿ ಹತ್ತಿರ ಬಂದಾಗ, ವಾರದ ನಡುವೆ, ಬಿಸಿಲು ಸುಡುವ ಹೊತ್ತಿನಲ್ಲಿ ಏದುಸಿರು ಬಿಡುತ್ತ ಬಂದು ಬಾಗಿಲ ಎದುರು ನಿಂತರು. ಸತ್ತೆವ್ವ ಕಲ್ಲಿನ ಮೇಲೆ ಕೂತು ಕರಿಯಾನ ಮೈಯ ಉಣ್ಣಿಹುಳ ಕೀಳುತ್ತಿದ್ದಳು.

"ವಿಶ್ವವಿದ್ಯಾಲಯದವ್ರು ಫೋನ್ ಮಾಡಿದ್ರು" ಎಂದರು ಬಾಗಿಲಿಗೆ. "ಮಂದಿ ಬರದ ಜಾಗಾದಾಗ ದುರ್ಬೀನ್ ಯಾಕ ಅಂತ ಕೇಳಾಕತ್ತಾರ. ಕಿತ್ತು ಒಯ್ದು ತಮ್ಮ ವಸ್ತುಸಂಗ್ರಹಾಲಯದಾಗ ಗಾಜಿನ ಕಪಾಟಿನ್ಯಾಗ ಇಡ್ತಾರಂತ. ದೀಪಾವಳಿ ಅಮಾಸಿ ಸಂಜಿಮುಂದ ಸೂರ್ಯಗ್ರಹಣ ಐತಿ. ಅವತ್ತ ದಾಕ್ಷಾಯಿಣಿ ಮ್ಯಾಡಮ್ ಅಂತ ಅಧಿಕಾರಿ ಬರ್ತಾರ. ಮಂದಿ ಕಂಡ್ರ ದುರ್ಬೀನ್ ಇಲ್ಲೇ ಬಿಡ್ತಾರ. ಇಲ್ಲಂದ್ರ ಲಾರಿ ಬರತೈತಿ."

ಸತ್ತೆವ್ವನ ಕೈ ನಿಂತಿತು. ದುರ್ಬೀನು ಹೋದರೆ ಮಾವ ಕೊಟ್ಟ ಮೊದಲ ಕಣ್ಣು ಹೋಯಿತು. ಅದಕ್ಕಿಂತ ದೊಡ್ಡದು ಇನ್ನೊಂದು. ಗೆರೆ ಬಿದ್ದ ಗಾಜು ಕಪಾಟಿನಲ್ಲಿ ಕೂತರೆ, ಗಾಜು ಕೆಡಿಸಿದವಳು ಎಂಬ ಹೆಸರು ಆಕೆಯ ಹಣೆಗೆ ಸಾಯುವತನಕ ಅಂಟೀತು. ಆಮೇಲೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

"ಕರಿಯಾ," ಎಂದಳು, "ಹಟ್ಟಿ ಮಂದಿನ್ನ ಕರ್ಕೊಂಡ ಬರೂದು ನನಗ ದೊಡ್ಡ ಮಾತಲ್ಲ. ಆದ್ರ ಆ ಗಾಜ ಯಾರು ತಿಕ್ಕಿದ್ರು ಅಂತ ಅವತ್ತ ಎಲ್ಲಾರ ಮುಂದ ಹೇಳಬೇಕು. ಹೇಳ್ತಾರೇನ ಕೇಳು."

ಮಾಸ್ತರರ ಮುಖ ಕೆಂಪಾಯಿತು. ಕೋಲಿನ ತುದಿಯಿಂದ ಮಣ್ಣು ಕೆದರಿದರು.

"ಮೊದ್ಲ ಮಂದಿ ಬರ್ಲಿ" ಎಂದರು ಬಾಗಿಲಿಗೆ. "ಆಮ್ಯಾಲ ನೋಡೂನು."

ನೋಡೋಣ ಎನ್ನುವವರು ಏನನ್ನೂ ನೋಡುವುದಿಲ್ಲ ಎಂಬುದು ಸತ್ತೆವ್ವನಿಗೆ ಗೊತ್ತು. ಆದರೂ ಮಂದಿ ಬೇಕು ಎಂದು ಆಕೆಗೂ ಅನ್ನಿಸಿತು. ಅಂದು ಆಕೆಯ ಮೇಲೆ ಹೊರಿಸಿದ್ದು ನಾಲ್ಕು ಮಂದಿಯ ಎದುರು. ಇಳಿಸುವುದು ನಾಯಿಯ ಎದುರು ಆದರೆ ಸಾಲದು.

ಮಾಸ್ತರು ಓದಿದವರು, ಆದರೆ ಮಂದಿ ಕೂಡಿಸಲು ಆರಿಸಿದ ದಿನ ನೋಡಿ. ಗ್ರಹಣದ ಹೊತ್ತಿನಲ್ಲಿ ಹಟ್ಟಿಯಲ್ಲಿ ಒಲೆ ಉರಿಯುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ನೀರಿನ ಕೊಡದ ಮೇಲೆ ಕರಕಿ ಹುಲ್ಲು ಇಟ್ಟು, ಹಿತ್ತಾಳೆಯ ತಾಟಿನಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿ, ಅದು ಬೀಳುವತನಕ ಎಲ್ಲರೂ ಒಳಗೆ ಕೂರುತ್ತಾರೆ. ಒನಕೆ ನಿಂತಿದ್ದರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿತು ಎಂದು ಲೆಕ್ಕ. ಇಂಥ ಮಂದಿಯನ್ನು ಅದೇ ಹೊತ್ತಿಗೆ ಗುಡ್ಡ ಹತ್ತಿಸಿ ಸೂರ್ಯನ ಮುಖ ತೋರಿಸಬೇಕು!

ಅಮಾವಾಸ್ಯೆಯ ಮಧ್ಯಾಹ್ನ ಸತ್ತೆವ್ವ ಹಟ್ಟಿಯ ನಡುವೆ ನಿಂತು ಕೂಗಿದಳು. ಹಿರಿಯ ಅಲ್ಲಪ್ಪ ಕದದ ಸಂದಿಯಿಂದ ಮುಖ ತೂರಿಸಿದ.

"ಹುಚ್ಚ ಹಿಡದೈತೇನು ನಿನಗ? ಗ್ರಾಣದಾಗ ಯಾರರ ಹೊರಗ ಬರ್ತಾರೇನು?"

"ನಿಮ್ಮ ಮುತ್ಯಾಂದ್ರು ತಗಡು ಹೊತ್ತು ಹೆಗಲ ಸುಲಕೊಂಡಾರ. ನೀವು ಒನಕಿ ಕಾಯ್ಕೋತ ಕುಂದರ್ರಿ. ನಾಳೆ ಲಾರಿ ಬಂದು ಹೊತ್ಕೊಂಡ ಹೋಗ್ಲಿ!"

"ಹೋಗ್ಲಿ ಬಿಡ. ಮೂವತ್ತ ವರ್ಷ ಆತು, ನಾವು ಆ ಬಾಗಲಾ ತುಳದಿಲ್ಲ. ಮಂದಿನ್ನ ಓಡಿಸಿದಾಕಿ ನೀನ, ಈಗ ಕರಿಯಾಕಿನೂ ನೀನ."

ಅದು ಖರೆ ಮಾತು, ಸತ್ತೆವ್ವನಿಗೆ ಚುಚ್ಚಿತು. ಚುಚ್ಚಿದ್ದನ್ನು ತೋರಗೊಡದೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸೂರ್ಯನ್ನ ನೋಡಬ್ಯಾಡ್ರಿ. ಮಾಸ್ತರನ್ನ ನೋಡಾಕ ಬರ್ರಿ. ಭಂಡಾರ ಮುಟ್ಟಿ ಕೊಟ್ಟ ಮಾತು ಮುರದಾವ್ರನ್ನ ಇವತ್ತ ಎಲ್ಲಾರ ಮುಂದ ನಿಂದ್ರಸ್ತೇನಿ. ನಾ ಸೋತ್ರ ಕೀಲಿಕೈ ಒಗದು ತುಕ್ಕಾನಟ್ಟಿಗಿ ಹೋಗ್ತೇನಿ, ಮತ್ತ ನಿಮಗ ಮಾರಿ ತೋರಸೂದಿಲ್ಲ."

ಗ್ರಹಣದ ಹೆದರಿಕೆ ದೊಡ್ಡದೇ. ಆದರೆ ಸತ್ತೆವ್ವ ಮತ್ತು ಮಾಸ್ತರು ಎದುರುಬದುರು ನಿಲ್ಲುವ ಜಗಳವನ್ನು ಮನೆಯೊಳಗೆ ಕೂತು ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ಕಷ್ಟ. ಮೊದಲು ತೆರೆದದ್ದು ಕಿವಿ ಮಂದವಾದ ಮುದುಕಿ ಮರೆವ್ವನ ಬಾಗಿಲು. ಆಕೆ ಒನಕೆಯನ್ನೂ ತಾಟನ್ನೂ ಹೊತ್ತೇ ಹೊರಬಂದಳು. "ಒನಕಿ ಬಾಜೂಕ ಇದ್ರ ನಮಗೇನೂ ಆಗೂದಿಲ್ಲ" ಎಂದು ತಾನೇ ನಿರ್ಣಯ ಕೊಟ್ಟಳು. ಅದನ್ನು ಕೇಳಿ ಇನ್ನೊಂದು ಬಾಗಿಲು ತೆರೆಯಿತು, ಮತ್ತೊಂದು ತೆರೆಯಿತು. ಕಂಬಳಿ ಹೊದ್ದು, ತಲೆ ತಗ್ಗಿಸಿ, ಯಾರೂ ಮೇಲೆ ನೋಡದೆ, ಹಟ್ಟಿಯೇ ಗುಡ್ಡ ಹತ್ತಿತು. ಅದನ್ನು ಕಂಡು ರಸ್ತೆಯಲ್ಲಿ ಹೋಗುತ್ತಿದ್ದವರೂ ಏನೋ ನಡೆದಿದೆ ಎಂದು ಹಿಂದೆ ಬಂದರು.

ದಾಕ್ಷಾಯಿಣಿ ಮ್ಯಾಡಮ್ ಆಗಲೇ ಬಂದಿದ್ದರು. ಮುಖದಲ್ಲಿ ಬೇಸರ, ಕೈಯಲ್ಲಿ ಫೋನು. ಇಷ್ಟು ಮಂದಿಯನ್ನು, ನಡುವೆ ಒಂದು ಒನಕೆಯನ್ನು ಕಂಡು ಹುಬ್ಬು ಏರಿಸಿದರು. ಮಾಸ್ತರು ಗುಮ್ಮಟದ ಸೀಳನ್ನು ಪಡುವಣಕ್ಕೆ ತಿರುಗಿಸಿ, ದುರ್ಬೀನಿಗೆ ಕಣ್ಣುಗಾಜು ಸಿಕ್ಕಿಸಿ, ಹಿಂದೆ ಒಂದು ಬಿಳಿ ಹಲಗೆ ನಿಲ್ಲಿಸಿದ್ದರು. ಸೂರ್ಯನನ್ನು ನೇರ ನೋಡಿದರೆ ಕಣ್ಣು ಹೋಗುತ್ತದೆ, ಹಲಗೆಯ ಮೇಲೆ ಬೀಳುವ ಬಿಂಬವನ್ನು ಮಾತ್ರ ನೋಡಬೇಕು ಎಂದು ಹೇಳಿದರು. ಮರೆವ್ವ ಯಾರನ್ನೂ ಕೇಳದೆ ನೆಲದ ಮೇಲೆ ತಾಟು ಇಟ್ಟು, ನೀರು ಹಾಕಿ, ಒನಕೆ ನಿಲ್ಲಿಸಿದಳು. ಅದು ನಿಂತಿತು. ಮಂದಿಗೆ ಧೈರ್ಯ ಬಂದು ಒಳಗೆ ನುಗ್ಗಿದರು. ಸತ್ತೆವ್ವ ಮಾತ್ರ ಹೊಸ್ತಿಲ ಹೊರಗೇ ನಿಂತಳು. ಕರೆಯದೆ ಒಳಗೆ ಹೋಗುವವಳಲ್ಲ ಅವಳು. ಅಲ್ಲಿಂದ ಆಕೆಗೆ ಕಾಣುತ್ತಿದ್ದದ್ದು ಮಂದಿಯ ಬೆನ್ನು, ಹಲಗೆಯ ಹಿಂಬದಿ, ಮಾಸ್ತರರ ಮುಖ.

ಹಲಗೆಯ ಮೇಲೆ ಸೂರ್ಯ ಮೂಡಿದ. ದುಂಡನೆಯ ಬೆಲ್ಲದ ಅಚ್ಚಿನ ಅಂಚನ್ನು ಇಲಿ ಕಡಿದಂತೆ ಒಂದು ತುಣುಕು ಇರಲಿಲ್ಲ. ಹೋ ಎಂದು ಎಲ್ಲರೂ ಕೂಗಿದರು. ಸೂರ್ಯನ ನಟ್ಟನಡುವೆ ಈ ತುದಿಯಿಂದ ಆ ತುದಿಗೆ ಒಂದು ಕಪ್ಪು ಗೆರೆಯೂ ಬಿದ್ದಿತ್ತು.

"ಆ ಗೆರಿ ಏನು?" ಎಂದು ಮ್ಯಾಡಮ್ ಕೇಳಿದರು.

ಮಾಸ್ತರು ಹಲಗೆಯನ್ನು ಸರಿಮಾಡತೊಡಗಿದರು. ಇಷ್ಟು ವರ್ಷ ಕೇಳದೆಯೂ ಹೇಳುತ್ತಿದ್ದವರು ಇಂದು ಕೇಳಿದರೂ ಬಾಯಿ ಬಿಡಲಿಲ್ಲ. ಉತ್ತರ ಕೊಟ್ಟವನು ಅಲ್ಲಪ್ಪ. "ನಮ್ಮ ಸತ್ತೆವ್ವ ಭಂಡಾರ ಹಚ್ಚಿದ್ಲಂತ್ರಿ ಗಾಜಿಗಿ. ಅದರ ಗುರ್ತು. ಎಲ್ಲಾರಿಗೂ ಗೊತ್ತೈತಿ."

"ಯಾರು ಸತ್ತೆವ್ವ?"

"ಕಾವಲದಾಕಿ. ಬಾಗಲದಾಗ ನಿಂತಾಳ ನೋಡ್ರಿ."

ಮ್ಯಾಡಮ್ ತಿರುಗಿ ನೋಡಿದರು, ಆಮೇಲೆ ಮಾಸ್ತರರ ಕಡೆ ನೋಡಿದರು. "ಏನ್ರಿ ಸರ್, ಕಾವಲಿದ್ದವ್ರ ಯಂತ್ರ ಕೆಡಿಸ್ಯಾರ, ಅವ್ರ ಕೈಯಾಗ ಇನ್ನೂ ಬಿಟ್ಟೀರಿ? ಮಂದಿ ಎಷ್ಟ ಬಂದ್ರೇನು ಮಾಡೂದು? ಇಂಥಲ್ಲಿ ಇದನ್ನ ಬಿಡಾಕ ಆಗೂದಿಲ್ಲ. ಲಾರಿ ಕಳಸ್ತೇನಿ."

ಸತ್ತೆವ್ವ ಮಾಸ್ತರರ ಮುಖವನ್ನೇ ನೋಡುತ್ತಿದ್ದಳು. ಆ ಮುಖ ಮೊದಲು ಹಲಗೆಯ ಕಡೆ ತಿರುಗಿತು, ಆಮೇಲೆ ದುರ್ಬೀನಿನ ಕಡೆ. ಮುದುಕನ ಕೈ ಹಿತ್ತಾಳೆಯ ಮೇಲೆ ಹೋಗಿ ಕೂತಿತು. ಆಕೆಯ ಕಡೆ ಆ ಮುಖ ಒಮ್ಮೆಯೂ ತಿರುಗಲಿಲ್ಲ.

"ಆಕಿ ಅಲ್ಲ" ಎಂದರು ಮಾಸ್ತರು, ಗಂಟಲೊಳಗೆ.

"ಮತ್ತ?"

"ನಾನು."

"ಕೇಳಿಸ್ಲಿಲ್ಲ!" ಎಂದು ಬಾಗಿಲಿನಿಂದ ಸತ್ತೆವ್ವ ಕೂಗಿದಳು. ನಾಯಿಗಲ್ಲ, ನೇರ ಅವರಿಗೇ. ಮಂದಿ ಸರಿದು ದಾರಿ ಬಿಟ್ಟಿತು. ಮಡಿಲಿನಿಂದ ಭಂಡಾರದ ಚೀಲ ತೆಗೆದು, ಹೊಸ್ತಿಲು ದಾಟಿ, ಯಂತ್ರದ ಹತ್ತಿರಕ್ಕೇ ಬಂದು, ಅವರ ಎದುರು ಹಿಡಿದಳು. "ಹಿಡ್ಕೊಂಡ ಹೇಳ್ರಿ. ಹಿಂದ ನಿಂತವ್ರಿಗೂ ಕೇಳ್ಲಿ."

ಮಾಸ್ತರು ಹಲಗೆಯನ್ನು ನೋಡಿದರು. ಬಿಂಬ ಕೆಂಪಾಗುತ್ತ ಬಂದಿತ್ತು. "ಸತ್ತೆವ್ವಾ, ಸೂರ್ಯ ಮುಳಗಾಕತ್ತಾನ. ನೀ ಈ ಕಡೆ ಬಂದು ನೋಡು ಮೊದ್ಲ. ಇವತ್ತ ತಪ್ಪಿದ್ರ ಮತ್ತ ಬ್ಯಾಗ ಸಿಗೂದಿಲ್ಲ."

"ಮೊದ್ಲ ಹೇಳ್ರಿ."

ಅವರು ಭಂಡಾರಕ್ಕೆ ಕೈ ಹಾಕಿದರು. ಬೆರಳು ಹಳದಿಯಾದವು. ಖಂಡೆಪೂಜೆಯ ದಿನ ಗಾಜು ಕಸಿದುಕೊಂಡದ್ದು, ಕಂಬಳಿಯಿಂದ ತಿಕ್ಕಿದ್ದು, ಗೆರೆ ಬಿದ್ದದ್ದು ಕಣ್ಣಾರೆ ಕಂಡದ್ದು, ಕಂಡೂ ಆಕೆಯ ಹೆಸರು ಹೇಳಿದ್ದು, ಎಲ್ಲವನ್ನೂ ಹೇಳಿದರು. ಹೇಳಿಸಿದ್ದು ನಾಚಿಕೆಯೋ, ಲಾರಿಯ ಹೆದರಿಕೆಯೋ, ಅವರಿಗೇ ಗೊತ್ತು. ಸತ್ತೆವ್ವನಿಗೆ ಅದರ ಗೊಡವೆ ಇರಲಿಲ್ಲ.

"ಏನಂದ್ರು?" ಎಂದು ಹಿಂದಿನಿಂದ ಮರೆವ್ವ ಕೇಳಿದಳು.

"ಮತ್ತೊಮ್ಮೆ ಹೇಳ್ರಿ" ಎಂದಳು ಸತ್ತೆವ್ವ.

ಮತ್ತೊಮ್ಮೆ ಹೇಳಿದರು, ಗಟ್ಟಿಯಾಗಿ. "ಸತ್ತೆವ್ವ ಗಾಜ ಕೆಡಿಸಿಲ್ಲ. ಕೆಡಿಸಿದಾಂವ ನಾನು. ಸುಳ್ಳ ಹೇಳಿದಾಂವನೂ ನಾನು." ಅಲ್ಲಪ್ಪ ತಲೆ ತಗ್ಗಿಸಿದ. ಯಾರೂ ನಗಲಿಲ್ಲ.

ಅಷ್ಟಾದ ಮೇಲೆ ಸತ್ತೆವ್ವ ಹಲಗೆಯ ಈ ಕಡೆಗೆ ಬಂದಳು. ಹಲಗೆ ಖಾಲಿಯಾಗಿತ್ತು. ಸೂರ್ಯ ಕಡಿಸಿಕೊಂಡ ಮೈಯಲ್ಲೇ ಪಡುವಣದ ಗುಡ್ಡಗಳ ಹಿಂದೆ ಇಳಿದುಬಿಟ್ಟಿದ್ದ. ಮಾಸ್ತರು, "ನಾ ಹೇಳಿರಲಿಲ್ಲೇನು?" ಎಂದರು.

"ಸೂರ್ಯ ನನಗ ದಿನಾ ಕಾಣ್ತಾನ" ಎಂದಳು ಸತ್ತೆವ್ವ. "ಈ ಮಾತು ಕೇಳಿದ್ದು ಇವತ್ತ."

ಮ್ಯಾಡಮ್ ಫೋನನ್ನು ಚೀಲಕ್ಕೆ ಹಾಕಿದರು. ಆಮೇಲೆ ಕಂಬಳಿ ಹೊದ್ದ ಮಂದಿಯನ್ನು ನೋಡಿ, ದುರ್ಬೀನು ಇಲ್ಲೇ ಇರಲಿ ಎಂದರು. ಮಾಸ್ತರರ ಕಡೆ ತಿರುಗಿ ಮುಖ ಗಂಟಿಕ್ಕಿ, "ಹೊಸಾ ಕಣ್ಣುಗಾಜು ಕಳಸ್ತೇನಿ, ಇದನ್ನ ತಗದು ಹಾಕ್ರಿ" ಎಂದರು.

"ಬ್ಯಾಡ್ರಿ ಮ್ಯಾಡಮ್ಮಾರ" ಎಂದಳು ಸತ್ತೆವ್ವ. "ಗೆರಿ ಇರ್ಲಿ. ಕಣ್ಣುಗಾಜು ಇನ್ನ ಮ್ಯಾಲೆ ಇಲ್ಲೇ ಇರತೈತಿ, ಗೋಕಾಕಕ್ಕ ಹೋಗೂದಿಲ್ಲ."

ಪೆಟ್ಟಿಗೆಗಾಗಿ ಕೈ ಚಾಚಿದಳು. ಮಾಸ್ತರು ಕೊಟ್ಟರು.

ಮುಂದಿನ ಅಮಾವಾಸ್ಯೆಗೆ ದಾರಿಯ ಮುಳ್ಳುಕಂಟಿ ಇರಲಿಲ್ಲ. ಜಗಳದ ಸುದ್ದಿ ಉಪ್ಪುಖಾರ ಹಚ್ಚಿಕೊಂಡು ಮೂಡಲಗಿಯ ತನಕ ಹೋಗಿತ್ತು. ಹಾಗಾಗಿ ಸಾಲು ಗುಡ್ಡದ ಅರ್ಧದವರೆಗೂ ಇಳಿದಿತ್ತು. ಬೀಗರ ಕಡೆಯವರನ್ನು ಕರೆದುಕೊಂಡು ಭಾಗ್ಯಾಳೂ ಬಂದಿದ್ದಳು. ಮಾಸ್ತರು ದುರ್ಬೀನನ್ನು ಶನಿಯ ಕಡೆ ತಿರುಗಿಸಿ ಪಕ್ಕಕ್ಕೆ ಸರಿದು, "ಬಾ" ಎಂದರು. ಸತ್ತೆವ್ವ ಬಗ್ಗಿ ಕಣ್ಣು ಹಚ್ಚಿದಳು. ಕತ್ತಲಲ್ಲಿ ಒಂದು ಸಣ್ಣ ದುಂಡು ಬೆಳಕು, ಅದರ ಸುತ್ತ ಬಳೆ. ಮಾವ ಹೇಳಿದ್ದು ಖರೆ ಇತ್ತು. ಆಕೆಗೆ ಖುಷಿಗಿಂತ ಮೊದಲು ಸಿಟ್ಟು ಬಂತು, ಇದನ್ನು ಇಷ್ಟು ವರ್ಷ ತನ್ನಿಂದ ಕಸಿದುಕೊಂಡಿದ್ದರಲ್ಲ ಎಂದು. ಸಿಟ್ಟು ಇಳಿಯುವತನಕ ನೋಡಿದಳು. ಹಿಂದಿನವರು ಗೊಣಗಿದರೂ ಕದಲಲಿಲ್ಲ.

ಆಮೇಲೆ ಬಾಗಿಲಿಗೆ ಬಂದು, ಭೀಮಶಿ ನಿಲ್ಲುತ್ತಿದ್ದಲ್ಲೇ ನಿಂತು, ಗುಡ್ಡದ ಕೆಳಗಿನವರೆಗೆ ಕೇಳುವಂತೆ ಕೂಗಿದಳು.

"ಶನಿದೇವ್ರು ಬಳಿ ಹಾಕ್ಕೊಂಡು ಕುಂತಾನ. ನಡುವ ಒಂದು ಗೆರಿ ಐತಿ. ಅದು ಹೆಂಗ ಬಿತ್ತು ಅಂತ ಮಾಸ್ತರ ಒಬ್ಬೊಬ್ರಿಗೂ ಹೇಳ್ತಾರ. ಕೇಳದ ಯಾರೂ ಹೋಗಬ್ಯಾಡ್ರಿ."

ಮೊದಲು ಒಳಗೆ ಹೋದವಳು ಮದುವೆಯ ಹಂದರದಲ್ಲಿ ಮಾತಾಡಿದ್ದ ಬೀಗರ ಕಡೆಯ ಆ ಹೆಂಗಸೇ. ಮಾಸ್ತರು ಕೋಲಿನ ಮೇಲೆ ಭಾರ ಹಾಕಿ, ಗಂಟಲು ಸರಿಮಾಡಿಕೊಂಡು ಹೇಳಲು ಸುರು ಮಾಡಿದರು. ಸತ್ತೆವ್ವ ಬಾಗಿಲಲ್ಲೇ ನಿಂತು, ಒಂದು ಮಾತೂ ಬಿಟ್ಟುಹೋಗದಂತೆ ಕೇಳಿಸಿಕೊಂಡಳು.